ಹೆಗಡೆಯ ಗೋಡೆಯ ಮೇಲೆ ಬಂಗಾರಿಯ ಕೋವಿ

ಸಂತೆಗುಳಿಯ ಬಂಗಾರಿ ಗೌಡಳ ಮನೆಗೆ ಒಂದು ಕೂಲಿ ಇನ್ನೂ ಬಾಕಿ ಇದೆ. ರೂಪಾಯಿಯ ಬಾಕಿಯಲ್ಲ, ಭತ್ತದ ಬಾಕಿಯಲ್ಲ. ಒಂಟಿ ನಳಿಗೆಯ ಒಂದು ಕೋವಿ. ಈಗ ಅದು ಕುಮಟೆ ಪೇಟೆಯಲ್ಲಿ ಹರಿಹರ ಹೆಗಡೆಯ ಹೊಸ ಮನೆಯ ಹಜಾರದಲ್ಲಿ, ಹಿತ್ತಾಳೆಯ ಎರಡು ಕೊಕ್ಕೆಗಳ ಮೇಲೆ, ಕೆಲಸವಿಲ್ಲದ ಅಳಿಯನ ಹಾಗೆ ಅಡ್ಡಕ್ಕೆ ಮಲಗಿದೆ. ಬಂದವರಿಗೆಲ್ಲ ಹರಿಹರ ಅದನ್ನು ತೋರಿಸಿ ‘ನಮ್ಮ ವಂಶದ ಕೋವಿ’ ಎನ್ನುತ್ತಾನೆ. ಎನ್ನುವಾಗ ಅವನ ಕಣ್ಣಲ್ಲಿ ನೀರೂ ಬರುತ್ತದಂತೆ. ಬರಲಿ. ಕಣ್ಣೀರು ಬಂದ ಮಾತ್ರಕ್ಕೆ ಕಸಿದ ಮಾಲು ಸ್ವಂತದ್ದಾಗುವುದಿಲ್ಲ.

ಆ ಕೋವಿ ಬಂಗಾರಿಯ ಮಾವ ಬೀರಪ್ಪನ ದುಡಿಮೆ. ಬೀರಪ್ಪ ಹರಿಹರನ ಅಪ್ಪ ತ್ರ್ಯಂಬಕ ಹೆಗಡೆಯ ಒಕ್ಕಲು. ಹೆಗಡೆಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ, ಅದರ ಜೊತೆಗೆ ಹೆಗಡೆಯ ತೋಟವನ್ನೂ ಹಂದಿ ಮಂಗಗಳಿಂದ ಕಾಯುತ್ತಿದ್ದ. ಬೊಂಬಾಯಿ ಸರ್ಕಾರದ ಕಾಲ. ಅಡಿಕೆಗೆ ಬೆಲೆ ಬಿದ್ದು, ಕುಮಟೆಯ ದಲಾಲರು ಮುಖ ತಿರುಗಿಸಿಕೊಂಡು ಕೂತ ವರ್ಷಗಳು. ಮೂರು ಮಳೆಗಾಲ ಕಾವಲಿನ ಕೂಲಿ ಬರಲಿಲ್ಲ. ಆಮೇಲೆ ಒಂದು ದಿನ ತ್ರ್ಯಂಬಕ ಹೆಗಡೆ ಬೀರಪ್ಪನನ್ನು ಕರೆಸಿದ. ತೋಟ ಕಾಯಲೆಂದು ಬೊಂಬಾಯಿಯಿಂದ ತರಿಸಿದ್ದ ಕೋವಿ ಹೆಗಡೆಯ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಹೆಗಡೆಗೋ ಅದರ ಸದ್ದು ಕೇಳಿದರೇ ಎದೆ ಹಾರುತ್ತಿತ್ತು. ಒಮ್ಮೆ ಹಾರಿಸಲು ಹೋಗಿ, ಕೋವಿ ಬಿಟ್ಟು, ಸಗಣಿ ರಾಶಿಯ ಮೇಲೆ ಕೂತಿದ್ದನಂತೆ.

“ಬೀರಪ್ಪಾ, ದುಡ್ಡು ಇಲ್ಲೆ. ಈ ಕೋವಿ ನೀ ಇಟ್ಗ. ನಿನ್ನ ಮೂರು ಮಳೆಗಾಲದ್ದು ಇದ್ರಲ್ಲಿ ಹರೀತು” ಎಂದ.

“ಕಾಗದ ಒಡ್ಯಾ?”

“ಕಾಗದ ಯನ್ನ ಹೆಸರಲ್ಲೇ ಇರ್ಲಿ. ಭೂಮಿ ಇಲ್ದವಂಗೆ ಸರ್ಕಾರ ಪರವಾನಗಿ ಕೊಡ್ತಿಲ್ಲೆ. ಕೋವಿ ನಿಂದು, ಕಾಗದ ಯಂದು. ಆತಾ?”

“ಆತು ಒಡ್ಯಾ.”

ಇಷ್ಟೇ ಮಾತು. ಕೇಳಿಸಿಕೊಂಡವಳು ಇನ್ನೊಬ್ಬಳಿದ್ದಳು, ತ್ರ್ಯಂಬಕ ಹೆಗಡೆಯ ಹೆಂಡತಿ ಸುಬ್ಬಲಕ್ಷ್ಮಿ, ಮಜ್ಜಿಗೆ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬೀರಪ್ಪ ಕೋವಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಬಂದ. ಮೂರು ಮಳೆಗಾಲದ ಗಂಜಿಗೆ ಯಾರ್ಯಾರ ಮನೆಯಲ್ಲಿ ಕೈಗಡ ತಂದಿದ್ದನೋ ಅವರೆಲ್ಲ ಬಂದು ಕೋವಿಯನ್ನು ನೋಡಿಕೊಂಡು ಹೋದರು. ಅದನ್ನು ಬೇಯಿಸಿ ತಿನ್ನಲಿಕ್ಕೆ ಬರುತ್ತದೋ ಎಂದು ಒಬ್ಬಳು ಕೇಳಿದಳು. ಬರುತ್ತದೆ, ಸ್ವಲ್ಪ ತಾಳು ಎಂದ ಬೀರಪ್ಪ.

ಇಲ್ಲಿ ಬೀರಪ್ಪ ಒಂದು ತಪ್ಪು ಮಾಡಿದ. ಕೆಟ್ಟವನು ಮಾಡುವ ತಪ್ಪಲ್ಲ, ಮರ್ಯಾದಸ್ಥ ಮಾಡುವ ತಪ್ಪು. ಮಹಾನವಮಿಯ ದಿನ ನಮ್ಮ ಕಡೆ ಆಯುಧ ಪೂಜೆ. ಕತ್ತಿ, ಗುದ್ದಲಿ, ನೇಗಿಲು ಎಲ್ಲ ತೊಳೆದು ಕುಂಕುಮ ಇಡುತ್ತಾರೆ. ಬೀರಪ್ಪ ಆ ದಿನ ಕೋವಿಯನ್ನು ತೊಳೆದು, ಎಣ್ಣೆ ಒರೆಸಿ, ಹೆಗಡೆಯ ಮನೆಗೆ ಒಯ್ದ. ಅಲ್ಲಿಯ ಪೂಜೆಯ ಮಣೆಯ ಮೇಲೆ ಇಟ್ಟ. ಪೂಜೆ ಆದ ಮೇಲೆ ಪ್ರಸಾದ ತಿಂದು ಕೋವಿ ತೆಗೆದುಕೊಂಡು ಬಂದ. ಯಾಕೆ ಎಂದು ಕೇರಿಯವರು ಕೇಳಿದ್ದಕ್ಕೆ, “ಕಾಗದ ಆ ಮನೇಲಿ ಅದೆ. ಕೋವಿ ವರ್ಷಕ್ಕೊಂದ್ಸಲ ಕಾಗದದ ಮುಖ ನೋಡ್ಕಂಡು ಬರ್ಲಿ” ಎಂದು ನಗಾಡಿದ. ಆ ನಗೆಚಾಟಿಕೆ ಪದ್ಧತಿಯಾಯಿತು. ಪ್ರತಿ ವರ್ಷ ಕೋವಿ ಹೋಗುವುದು, ಕುಂಕುಮ ಹಚ್ಚಿಸಿಕೊಂಡು ಬರುವುದು.

ಇನ್ನೊಂದು ಪದ್ಧತಿ ಕೇರಿಯದ್ದು. ಹತ್ತು ಜನ ಕಾಡಿನ ಹಳು ನುಗ್ಗಿ, ಕೂಗು ಹಾಕಿ, ಹಂದಿ ಎಬ್ಬಿಸಿ ಹೊಡೆದರೆ ಮಾಂಸ ಹಂಚುವಾಗ ಮನುಷ್ಯರಿಗೆ ಮಾತ್ರ ಪಾಲಲ್ಲ. ಕೋವಿಗೂ ಒಂದು ಪಾಲು ಇಡುತ್ತಾರೆ. ಕುತ್ತಿಗೆಯ ತುಂಡು. ಅದಕ್ಕೆ ಕೋವಿಪಾಲು ಎಂದೇ ಹೆಸರು. ಕೋವಿ ಯಾರದ್ದೋ ಅವರ ಮನೆಗೆ ಆ ಪಾಲು. ಬೀರಪ್ಪನ ಕಾಲದಿಂದ ಆ ಪಾಲು ಬೀರಪ್ಪನ ಮನೆಗೇ ಬರುತ್ತಿತ್ತು. ಕೇರಿಯಲ್ಲಿ ಒಬ್ಬನೂ ಅದನ್ನು ಹೆಗಡೆಯ ಮನೆಗೆ ಒಯ್ಯೋಣ ಎನ್ನಲಿಲ್ಲ. ಯಾಕೆಂದರೆ ಕೋವಿ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತು.

ಬಂಗಾರಿ ಈ ಮನೆಗೆ ಹಳದೀಪುರದ ಕಡೆಯಿಂದ ಸೊಸೆಯಾಗಿ ಬಂದಳು. ಗಂಡ ತಿಮ್ಮಪ್ಪ ಒಳ್ಳೆ ಆಳು, ಹಗಲೆಲ್ಲ ಎತ್ತಿನ ಹಾಗೆ ದುಡಿಯುತ್ತಿದ್ದ. ಹೊತ್ತು ಕಂತಿದರೆ ಮಾತ್ರ ಕಣ್ಣು ಕಾಣುತ್ತಿರಲಿಲ್ಲ. ಇರುಳುಗಣ್ಣು. ಗೋಡೆ ಸವರುತ್ತ ನಡೆಯುವವನು ಹಂದಿ ಹೊಡೆಯುವುದುಂಟೇ? ಬೀರಪ್ಪನಿಗೆ ವಯಸ್ಸಾಗುತ್ತ ಬಂತು. ಸೊಸೆಯನ್ನು ಗದ್ದೆಯ ಅಂಚಿಗೆ ಕರೆದೊಯ್ದು ಕೋವಿ ಕೈಗೆ ಕೊಟ್ಟ.

“ಮಾವಾ, ಹೆಂಗಸ್ರು ಕೋವಿ ಹಿಡದ್ರೆ ಜನ ನಗೂದಿಲ್ವಾ?”

“ಹಂದಿ ನಗೂದಿಲ್ಲ. ಹಿಡಿ.”

ಮೊದಲ ಈಡಿಗೆ ಕೋವಿ ಒದ್ದ ಒದೆತಕ್ಕೆ ಬಂಗಾರಿ ಕೆಸರಲ್ಲಿ ಅಂಗಾತ ಬಿದ್ದಳು. ಎರಡನೆಯದಕ್ಕೆ ಹಲ್ಲು ಕಚ್ಚಿ ನಿಂತಳು. ಅಲ್ಲಿಂದ ಬೀರಪ್ಪ ಸಾಯುವವರೆಗೆ, ಸತ್ತ ಮೇಲೂ, ಆ ಕೋವಿ ಹೊಡೆದವಳು ಬಂಗಾರಿ ಒಬ್ಬಳೇ. ಗದ್ದೆಯ ಕಾವಲು ಮಾಳದಲ್ಲಿ, ಸೋಗೆಯ ಮಾಡಿನಡಿ, ಮಳೆಯಲ್ಲಿ ಚಳಿಯಲ್ಲಿ ಕೂತು ಕಾದವಳು ಅವಳು. ಉಳಿದದ್ದು ಅವಳ ಗದ್ದೆಯ ಭತ್ತವಷ್ಟೇ ಅಲ್ಲ, ಹೆಗಡೆಯ ತೋಟದ ಬಾಳೆ ಉಳಿಯಿತು, ಗೆಣಸು ಉಳಿಯಿತು, ಎಳೆ ತೆಂಗು ಉಳಿಯಿತು. ಬಲಭುಜದಲ್ಲಿ ಲಿಂಬೆ ಗಾತ್ರದ ಗಂಟು ಕಟ್ಟಿತು. ಬಲಗಿವಿ ಅರ್ಧ ಕಿವುಡಾಯಿತು. ಕೋವಿಯ ನೆನಪು ಎಂದು ಜನ ಏನೇನೋ ಹೇಳುತ್ತಾರೆ. ಬಂಗಾರಿಗೆ ಕೋವಿಯ ನೆನಪು ಎಂದರೆ ಆ ಗಂಟು, ಆ ಕಿವಿ. ಒಪ್ಪಿಕೊಂಡ ಕೆಲಸದ ಗುರುತು. ಅವಳು ಅದನ್ನು ಯಾರಿಗೂ ತೋರಿಸಿ ಅತ್ತವಳಲ್ಲ.

ತ್ರ್ಯಂಬಕ ಹೆಗಡೆ ೧೯೫೭ರಲ್ಲಿ ತೀರಿಕೊಂಡ. ಪರವಾನಗಿಯ ಕಾಗದ ಮಗ ಹರಿಹರನ ಹೆಸರಿಗೆ ಬಂತು. ಹರಿಹರ ಹುಬ್ಬಳ್ಳಿಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದ. ನವಮಿಗೆ ಊರಿಗೆ ಬಂದರೆ ಕೋವಿಯನ್ನು ಬೆರಳ ತುದಿಯಲ್ಲಿ ಮುಟ್ಟಿ, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಿದ್ದ. ಅಷ್ಟೇ ಅವನಿಗೂ ಕೋವಿಗೂ ಇದ್ದ ಸಂಬಂಧ.

ಅವನಪ್ಪ ಸತ್ತ ಎರಡು ವರ್ಷಕ್ಕೆ ದೊಡ್ಡ ಒಂಟಿಗ ಹಂದಿಯೊಂದು ಹಳ್ಳದ ದಂಡೆಯಲ್ಲಿ ಬಂಗಾರಿಯ ಮೇಲೇ ಬಂತು. ಈಡು ತಾಗಿದರೂ ನಿಲ್ಲಲಿಲ್ಲ. ತಿರುಗಿಸಿ ಹೊಡೆದ ಹೊಡೆತಕ್ಕೆ ಕೋವಿಯ ಮರದ ಹಿಡಿ ಎರಡು ತುಂಡಾಯಿತು. ಹಂದಿ ಅವಳ ತೊಡೆ ಸೀಳಿ, ನಾಲ್ಕು ಹೆಜ್ಜೆ ಹೋಗಿ ಸತ್ತುಬಿತ್ತು. ತೊಡೆಯ ಗಾಯ ಮಾಯುವ ಮೊದಲೇ ಬಂಗಾರಿ ಕೋವಿಯ ತುಂಡುಗಳನ್ನು ಚಾಪೆಯಲ್ಲಿ ಸುತ್ತಿ ಭಟ್ಕಳಕ್ಕೆ ಹೊರಟಳು. ಹೊನ್ನಾವರದಲ್ಲಿ ಹೊಳೆ ದಾಟುವಾಗ ದೋಣಿಯವನು, “ಎಂತದೇ ಅದು, ಹೆಣವಾ?” ಎಂದ. “ಹೌದು, ಕೇಳೂ ಬಾಯಿದು” ಎಂದಳು ಬಂಗಾರಿ.

ಭಟ್ಕಳದ ಪಕ್ಕ ಜಾಲಿಯಲ್ಲಿ ಬೀಗ, ಕೊಡೆ, ಕೋವಿ ಮೂರನ್ನೂ ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದರು. ಚಾಪೆ ಬಿಚ್ಚಿ ನೋಡಿ, “ಹೊಡೆಯುವವರು ಯಾರು? ನಿನ್ನ ಗಂಡನ ಕೈ ಅಳತೆ ಬೇಕಲ್ಲ” ಎಂದರು.

“ಗಂಡಂದು ಎಂತಕ್ಕೆ? ನನ್ನ ಕೈ ಇಲ್ವಾ?”

ಸಾಹೇಬರು ಕನ್ನಡಕ ಮೇಲೆ ಮಾಡಿ ಅವಳನ್ನೊಮ್ಮೆ ನೋಡಿದರು. “ಯಾ ಅಲ್ಲಾ! ಹಾಗಾದ್ರೆ ಕೈ ಚಾಚು” ಎಂದರು. ಅವಳ ಮೊಣಕೈಯಿಂದ ಬೆರಳವರೆಗೆ ದಾರ ಹಿಡಿದು ಅಳೆದು, ಹಲಸಿನ ಮರದಲ್ಲಿ ಗಿಡ್ಡ ಹಿಡಿ ಕೂರಿಸಿದರು. ಅಂದಿನಿಂದ ಆ ಕೋವಿ ಬಂಗಾರಿಯ ಭುಜಕ್ಕಲ್ಲದೆ ಇನ್ನೊಬ್ಬರ ಭುಜಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ.

೧೯೬೨ರ ನವಮಿ ಬಂತು. ಆ ಹೊತ್ತಿಗೆ ಹರಿಹರ ಕುಮಟೆಗೆ ವರ್ಗ ಮಾಡಿಸಿಕೊಂಡು ಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದ. ಕೋವಿಗಳಿಗೆ ಹೊಸ ಕಾನೂನು ಬಂದಿದೆ ಎಂಬ ಸುದ್ದಿಯೂ ಇತ್ತು. ಬಂಗಾರಿ ಎಂದಿನ ಹಾಗೆ ಕೋವಿ ತೊಳೆದು, ಎಣ್ಣೆ ಒರೆಸಿ, ಸಂತೆಗುಳಿಯ ಹೆಗಡೆ ಮನೆಗೆ ಒಯ್ದಳು. ಪೂಜೆ ಆಯಿತು. ಬಾಳೆ ಎಲೆಯಲ್ಲಿ ಪ್ರಸಾದ ಕೊಟ್ಟರು. ತಿಂದಳು. ಎದ್ದು ಕೋವಿಗೆ ಕೈ ಚಾಚಿದಳು.

“ಇರ್ಲಿ ಬಂಗಾರಿ. ಕೋವಿ ಇಲ್ಲೇ ಇರ್ಲಿ” ಎಂದ ಹರಿಹರ.

“ಎಂತಕ್ಕೆ ಒಡ್ಯಾ? ಪೂಜೆ ಆತಲ್ಲ.”

“ಹೊಸ ಕಾನೂನು ಬಂತು. ಯಾರ ಹೆಸರಲ್ಲಿ ಇದ್ದೋ ಅವರ ಹತ್ರನೇ ಇರವು. ಮತ್ತೆ, ಯಂಗೆ ಅದು ಬರೀ ಕೋವಿ ಅಲ್ಲ. ಅಪ್ಪಯ್ಯನ ನೆನಪು. ಹೊಸ ಮನೇಲಿ ಇಡ್ತಿ.”

“ನಿಮ್ಮಪ್ಪಯ್ಯ ಅದ್ನ ನನ್ನ ಮಾವನ ಕೂಲಿಗೆ ಕೊಟ್ಟದ್ದು ಒಡ್ಯಾ.”

“ಕೂಲಿಗಾ?” ಹರಿಹರ ನಕ್ಕ. “ಕೂಲಿಗೆ ಕೊಟ್ಟದ್ದಾದ್ರೆ ವರ್ಷಾ ವರ್ಷ ನಮ್ಮನೆಗೆ ತಂದು ಎಂತಕೆ ಒಪ್ಪಿಸ್ತಿದ್ರಿ? ನಮ್ಮದು ಹೇಳೇ ತಂದು ಇಡ್ತಿದ್ರಿ. ನಾವು ಮತ್ತೆ ಕೊಡ್ತಿದ್ಯ. ಈ ವರ್ಷ ಕೊಡ್ತಿಲ್ಲೆ. ಅಷ್ಟೇಯ.”

ಬಂಗಾರಿ ಸುಬ್ಬಲಕ್ಷ್ಮಿಯ ಕಡೆ ನೋಡಿದಳು. ಮುದುಕಿ ಹೂವಿನ ಬುಟ್ಟಿಯಲ್ಲಿ ಇಲ್ಲದ ಹೂವನ್ನು ಹುಡುಕತೊಡಗಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಬಂಗಾರಿ ಬೈದದ್ದು ಹರಿಹರನನ್ನಲ್ಲ, ಸತ್ತ ಮಾವನನ್ನು. ಕಾಗದದ ಮುಖ ನೋಡಿಕೊಂಡು ಬರಲಿ ಎಂದವನನ್ನು. ಕದಿಯಲು ಬಂದವನಿಗೆ ಬಾಗಿಲು ಮುರಿಯುವ ಕೆಲಸವನ್ನೂ ಇಡದೆ, ನಾವೇ ತೊಳೆದು, ಎಣ್ಣೆ ಒರೆಸಿ, ಹೊತ್ತುಕೊಂಡು ಹೋಗಿ ಕೊಟ್ಟೆವಲ್ಲ! ತಿಮ್ಮಪ್ಪ, “ಹೋಗ್ಲಿ ಬಿಡೇ, ದೊಡ್ಡವ್ರ ಸಂಗ್ತಿ” ಎಂದದ್ದಕ್ಕೆ ಅವನಿಗೆ ಆ ದಿನ ಗಂಜಿ ಸಿಗಲಿಲ್ಲ.

ಕಾಡುಹಂದಿಗೆ ಸುದ್ದಿ ಮುಟ್ಟಲು ಹೆಚ್ಚು ದಿನ ಬೇಕಾಗಲಿಲ್ಲ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಿಂಡೇ ಇಳಿಯಿತು. ಬಂಗಾರಿ ಡಬ್ಬಿ ಬಡಿದಳು, ಕೂಗಿ ಕೂಗಿ ಗಂಟಲು ಹರಿದುಕೊಂಡಳು. ಅರ್ಧ ಗದ್ದೆ ಉತ್ತ ಹಾಗಾಯಿತು. ಗೇಣಿ ಎತ್ತಲು ಬಂದ ಹೆಗಡೆಯ ಮನೆಯ ಆಳು ಪೂರ್ತಿ ಗೇಣಿ ಕೇಳಿದ. ಹಂದಿ ತಿಂದದ್ದಕ್ಕೆ ಒಡೆಯರೇನು ಮಾಡುವುದು ಎಂದ. ಒಡೆಯರು ಏನು ಮಾಡಿದ್ದಾರೆ ಎಂದು ಹಂದಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಬಂಗಾರಿ ಕುಮಟೆಗೆ ಹೋದಳು. ಹೊಸ ಮನೆ. ನೆಲ ಮುಖ ಕಾಣುವ ಹಾಗೆ ಹೊಳೆಯುತ್ತಿತ್ತು. ಒಳಗೆ ಹರಿಹರನ ಹೆಂಡತಿ ವಸಂತಿಯ ಕಡೆಯ ನೆಂಟರು ಕೂತಿದ್ದರು. ಬಂಗಾರಿಗೆ ಜಗಲಿಯ ತುದಿಯಲ್ಲಿ ಕೂರಲು ಹೇಳಿದರು. ಅಲ್ಲಿಂದ ಹಜಾರದ ಗೋಡೆ ನೇರ ಕಾಣುತ್ತಿತ್ತು. ಕೋವಿಗೆ ಯಾರೋ ಮಿರಮಿರ ಮಿಂಚುವ ವಾರ್ನಿಶ್ ಬಳಿದಿದ್ದರು. ಅದರ ಮೇಲೆ ಚೌಕಟ್ಟು ಹಾಕಿದ ಫೋಟೋ. ಹೊನ್ನಾವರದ ಫೋಟೋದವನನ್ನು ಕರೆಸಿ ಹಿಂದೆ ಎಂದೋ ತೆಗೆಸಿದ್ದು. ಕೈಯಲ್ಲಿ ಕೋವಿ ಹಿಡಿದು ಗಂಭೀರವಾಗಿ ನಿಂತ ತ್ರ್ಯಂಬಕ ಹೆಗಡೆ, ಕಾಲ ಬಳಿ ಸತ್ತ ಹಂದಿ. ಹಂದಿಯ ತಲೆ ಎತ್ತಿ ಹಿಡಿದು ಕೂತಿದ್ದವನು ಬೀರಪ್ಪ. ಹಂದಿ ಹೊಡೆದವನೂ ಅವನೇ. ಚೌಕಟ್ಟಿನ ಅಳತೆಗೆ ಫೋಟೋ ಕತ್ತರಿಸುವಾಗ ಬೀರಪ್ಪ ಹೋಗಿದ್ದ. ಹಂದಿಯ ಕಿವಿ ಹಿಡಿದ ಒಂದು ಕೈ ಉಳಿದಿತ್ತು.

ಹರಿಹರ ನೆಂಟರಿಗೆ ಕಥೆ ಹೇಳುತ್ತಿದ್ದ. “ಅಪ್ಪಯ್ಯಂಗೆ ಹೆದ್ರಿಕೆ ಹೇಳದೇ ಗೊತ್ತಿಲ್ಲೆ. ಒಂದ್ಸಲ ಹಳ್ಳದ ದಂಡೇಲಿ ಒಂಟಿಗ ಹಂದಿ ಮೈಮೇಲೇ ಬಂತು. ಈಡು ತಾಗಿದ್ರೂ ನಿಂತಿದ್ದಿಲ್ಲೆ. ಅಪ್ಪಯ್ಯ ಕೋವಿ ತಿರುಗ್ಸಿ ಹೊಡೆದ ಹೊಡೆತಕ್ಕೆ ಹಿಡಿನೇ ಮುರತ್ತು!”

ನೆಂಟರು ಅಬ್ಬಬ್ಬಾ ಎಂದರು. ಹರಿಹರ ಕೋವಿಯನ್ನು ಇಳಿಸಿ ಭುಜಕ್ಕೆ ಇಟ್ಟು ತೋರಿಸಿದ. ಗಿಡ್ಡ ಹಿಡಿ ಅವನ ಕಂಕುಳಲ್ಲಿ ಸಿಕ್ಕಿ, ಮೂಗು ನಳಿಗೆಗೆ ತಾಗಿತು. “ಹಿಂದಿನವರು ಸ್ವಲ್ಪ ಗಿಡ್ಡ” ಎಂದ. ಗೋಡೆಯ ಫೋಟೋದಲ್ಲಿ ತ್ರ್ಯಂಬಕ ಹೆಗಡೆ ತೆಂಗಿನ ಮರದ ಹಾಗೆ ನಿಂತಿದ್ದ.

ಬಂಗಾರಿಗೆ ತಡೆಯಲಾಗಲಿಲ್ಲ. ಜಗಲಿಯಿಂದಲೇ ಕೂಗಿದಳು: “ಒಡ್ಯಾ, ಆ ಹಂದಿ ಹೊಡದದ್ದು ನಾನು! ನಿಮ್ಮಪ್ಪಯ್ಯ ತೀರ್ಕಂಡು ಎರಡು ವರ್ಷ ಆಗಿತ್ತು. ಸತ್ತವ್ರು ಎದ್ದು ಬಂದು ಹೊಡದ್ರಾ?”

ನೆಂಟರು ತಿರುಗಿ ಜಗಲಿಯ ಕಡೆ ನೋಡಿದರು. ಆಮೇಲೆ ನೆಂಟರಲ್ಲಿ ಒಬ್ಬ ಗೊಳ್ಳೆಂದು ನಕ್ಕ. ಉಳಿದವರೂ ನಕ್ಕರು. ಹರಿಹರ ಎಲ್ಲರಿಗಿಂತ ಜೋರಾಗಿ ನಕ್ಕ. “ನಮ್ಮ ಒಕ್ಕಲು. ಭಾರೀ ತಮಾಷೆ ಹೆಂಗಸು” ಎಂದ. ಕೋವಿ ಮತ್ತೆ ಕೊಕ್ಕೆಗೆ ಏರಿತು. ವಸಂತಿ ಬಂಗಾರಿಗೆ ಎರಡು ಚಕ್ಕುಲಿ ತಂದುಕೊಟ್ಟಳು.

ಅಲ್ಲಿಯವರೆಗೆ ಬಂಗಾರಿ ಬೇಡಲು ಬಂದವಳು. ಕೋವಿ ಪೂರ್ತಿ ಬಿಟ್ಟುಕೊಡುವುದು ಬೇಡ, ಬೆಳೆಯ ಕಾಲಕ್ಕೆ ಕೊಟ್ಟು ವಾಪಸು ತೆಗೆದುಕೊಳ್ಳಿ ಎನ್ನುವವರೆಗೂ ಇಳಿಯಲು ಮನಸ್ಸು ಮಾಡಿದ್ದಳು. ಆ ನಗು ಕೇಳಿದ ಮೇಲೆ ಇಳಿಯಲಿಲ್ಲ. ಕೋವಿ ಕಸಿದದ್ದು ಒಂದು. ಅವಳ ತೊಡೆ ಸೀಳಿದ ಹಂದಿಯನ್ನೂ ಕಸಿದುಕೊಂಡು ಅಪ್ಪನ ಹೆಸರಿಗೆ ಬರೆದುಕೊಂಡರೆ? ಚಕ್ಕುಲಿಯನ್ನು ಜಗಲಿಯ ಮೇಲೇ ಬಿಟ್ಟು ಎದ್ದಳು.

ಪರವಾನಗಿ ನೋಡಿಕೊಳ್ಳುವ ಸರ್ಕಾರಿ ಸಾಹೇಬರ ಮುಂದೆ ಅರ್ಜಿ ಹಾಕಿದಳು. ಜೊತೆಗೆ ಬಂದವನು ಕೇರಿಯ ವೆಂಕಟ, ಹಳು ನುಗ್ಗುವವರ ಮುಂದಾಳು, ಬಾಯಿ ಬಡಕ. ಬಹಳ ಸಲ ಅಲೆದ ಮೇಲೆ ಸಾಹೇಬರು ಒಳಗೆ ಕರೆದರು.

“ನವಮಿಗೆ ಕೋವೀನ ಹೆಗಡೇರ ಮನೆಗೆ ನೀವ ಒಯ್ದು ಕೊಡ್ತಿದ್ರೇನು?”

“ಒಯ್ತಿದ್ವಿ. ಕೊಡ್ತಿರ್ಲಿಲ್ಲ.”

“ಒಯ್ತಿದ್ದದ್ದು ಹೌದಲ್ಲೋ?”

“ಹೌದು.”

ಗುಮಾಸ್ತ ಅಷ್ಟನ್ನು ಬರೆದುಕೊಂಡ. ಒಯ್ದದ್ದು ಹೌದು. ಮುಂದಿನದು ಅವನ ಕಾಗದಕ್ಕೆ ಬೇಕಿರಲಿಲ್ಲ.

“ಕೋವಿಪಾಲು ಯಾರ ಮನೆಗೆ ಹೋಗ್ತಿತ್ತು ಕೇಳಿ ಸಾಯ್ಬ್ರೆ” ಎಂದ ವೆಂಕಟ. “ಇಡೀ ಕೇರಿ ಹೇಳ್ತದೆ.”

ಸಾಹೇಬರು ಮೇಜಿನ ಮೇಲೆ ಮುಂದೆ ಬಾಗಿದರು. “ಅಂದ್ರ ಈಕಿ ಹಂದಿ ಹೊಡದಾಳ ಅಂತೀ. ಪರವಾನಗಿ ಇಲ್ಲದ ಕೋವಿ ಹಾರಿಸಿದ್ರ ಅದು ಗುನ್ನೆ. ಯಮ್ಮಾ, ನೀ ಹೊಡದಿಯೇನು? ಹೌದಂದ್ರ ನಿನ್ನ ಮ್ಯಾಲೆ ಕೇಸು. ಇಲ್ಲಂದ್ರ ಕೋವಿ ನಿಂದಲ್ಲ. ನೋಡಿ ಹೇಳು.”

ಎಂಥ ಚಂದದ ಕಾನೂನು! ನವಮಿಯ ಪದ್ಧತಿ ಲೆಕ್ಕಕ್ಕೆ ಬರುತ್ತದೆ, ಯಾಕೆಂದರೆ ಅದು ಹೆಗಡೆಯ ಮನೆಯಲ್ಲಿ ನಡೆದದ್ದು. ಕೋವಿಪಾಲಿನ ಪದ್ಧತಿ ಗುನ್ನೆ, ಯಾಕೆಂದರೆ ಅದು ಗೌಡರ ಕೇರಿಯಲ್ಲಿ ನಡೆದದ್ದು. ಭೂಮಿ ಇಲ್ಲದವಳಿಗೆ ಪರವಾನಗಿ ಇಲ್ಲ. ಪರವಾನಗಿ ಇಲ್ಲದವಳಿಗೆ ಕೋವಿ ಇಲ್ಲ. ಕೋವಿ ಇಲ್ಲದವಳ ಬೆಳೆ ಹಂದಿಗೆ. ಬೆಳೆ ಹಂದಿಗೆ ಹೋದರೂ ಗೇಣಿ ಒಡೆಯನಿಗೆ.

ವೆಂಕಟ ಅವಳ ಸೆರಗು ಜಗ್ಗಿದ. ಬಂಗಾರಿ ಸೆರಗು ಬಿಡಿಸಿಕೊಂಡಳು.

“ನಾನೇ ಹೊಡದದ್ದು. ಬರ್ಕಳಿ. ಒಂದೊಂದು ಹಂದೀದೂ ಬೇಕಾದ್ರೆ ಹೇಳ್ತೆ. ನನ್ನ ಹಂದಿ ಯಾರಪ್ಪಂಗೂ ಕೊಡೂದಿಲ್ಲ.”

ಅವಳ ಮೇಲೆ ಕೇಸು ಬಿತ್ತು. ಅರ್ಜಿ ವಜಾ ಆಯಿತು.

ಸುಗ್ಗಿಗೆ ಕೇರಿಯವರು ಶಿಕಾರಿಗೆ ಹೋದರು. ಕೋವಿ ಇಲ್ಲ. ಬಲೆ ಕಟ್ಟಿ, ನಾಯಿ ಬಿಟ್ಟು, ಭರ್ಚಿಯಲ್ಲಿ ಒಂದು ಹಂದಿಯನ್ನು ಕೊಂದರು. ಪಾಲು ಹಾಕಲು ಕೂತವರು ರೂಢಿಯ ಮೇಲೆ ಕುತ್ತಿಗೆಯ ತುಂಡನ್ನು ಬಂಗಾರಿಯ ಮುಂದೆ ಸರಿಸಿದರು. ಅವಳು ಮುಟ್ಟಲಿಲ್ಲ.

“ನನ್ನ ಮನೇಲಿ ಕೋವಿ ಎಲ್ಲದೆ? ಕೋವಿ ಇದ್ದ ಮನೆಗೆ ಪಾಲು ಹೋಗ್ಬೇಕು.”

ಕೇರಿ ಒಂದು ಕ್ಷಣ ಅವಳ ಮುಖ ನೋಡಿತು. ಮೊದಲು ನಕ್ಕವನು ವೆಂಕಟ. “ಬಂಗಾರಕ್ಕಾ, ನಡಿ” ಎಂದ.

ಮರುದಿನ ಬೆಳಿಗ್ಗೆ ಹರಿಹರನ ಮನೆಯ ಮೆಟ್ಟಿಲ ಕೆಳಗೆ, ಬಾಳೆ ಎಲೆಯ ಮೇಲೆ, ಹಂದಿಯ ಕುತ್ತಿಗೆ. ಸುತ್ತ ಕೇರಿಯ ಗಂಡಸರು ಹೆಂಗಸರು. ಓಣಿಯಲ್ಲಿ ಹೋಗುತ್ತಿದ್ದವರೂ ನಿಂತರು.

“ಎಂತದೇ ಅದು?” ಹರಿಹರ ಜನಿವಾರ ತಿಕ್ಕುತ್ತ ಹೊರಗೆ ಬಂದ.

“ಕೋವಿಪಾಲು ಒಡ್ಯಾ. ನಮ್ಮ ಕೇರಿ ಪದ್ಧತಿ. ಕೋವಿ ಯಾರದೋ ಅವ್ರ ಮನೆಗೆ ಈ ತುಂಡು. ಇಷ್ಟು ವರ್ಷ ನಮ್ಮನೆಗೆ ಬತ್ತಿತ್ತು. ಈಗ ಕೋವಿ ನಿಮ್ದು ಅಂತ ಸರ್ಕಾರದವ್ರೇ ಹೇಳಿದ್ರಲ್ಲ. ತಕಳಿ.”

“ಉಪ್ಪು ಖಾರ ಹಚ್ಚಿ ತರ್ವಾ ಅಂದೆ ನಾ” ಎಂದ ವೆಂಕಟ. “ಬಂಗಾರಕ್ಕ ಬ್ಯಾಡ ಅಂದ್ಲು. ವಂಶದ ಪದ್ಧತಿ, ಹಸೀದೇ ಇರ್ಲಿ ಅಂದ್ಲು.”

ಓಣಿಯಲ್ಲಿ ನಗು ಎದ್ದಿತು. ಹರಿಹರನ ಮುಖ ಬಿಳಿಚಿತು. “ತೆಗಿ ಅದ್ನ! ಬ್ರಾಹ್ಮಣರ ಮನೆ ಬಾಗ್ಲು ಇದು!”

“ಬ್ರಾಹ್ಮಣ್ರ ಮನೆ ಗೋಡೆ ಮೇಲೆ ಹಂದಿ ಕೋವಿ ಇರ್ಬೌದು, ಹಂದಿ ಪಾಲು ಬಾಗ್ಲಿಗೆ ಬರ್ಬಾರ್ದಾ? ನಿಮ್ಮಪ್ಪಯ್ಯ ಅಷ್ಟೆಲ್ಲ ಹಂದಿ ಹೊಡದ್ರಲ್ಲ, ಪಾಲು ಯಾವ ಪಾತ್ರೇಲಿ ಬೇಯಿಸ್ತಿದ್ರಿ? ಹೇಳಿ. ನಿಮ್ಮ ನೆಂಟ್ರಿಗೆ ಹಂದಿ ಕಥೆ ಹೇಳ್ತ್ರಲ್ಲ, ಅಡಿಗೆ ಕಥೆನೂ ಹೇಳಿ!”

ಆಗ, ಈಗ ಮಗನ ಜೊತೆ ಪೇಟೆಯಲ್ಲೇ ಇದ್ದ ಸುಬ್ಬಲಕ್ಷ್ಮಿ ಹೊಸ್ತಿಲಿಗೆ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಹರಿಹರಾ, ಕೊಟ್ಬುಡು ಅದ್ನ. ನಿನ್ನ ಅಪ್ಪಯ್ಯ ಬೀರಪ್ಪಂಗೆ ಕೂಲಿಗೇ ಕೊಟ್ಟಿದ್ದು. ಆನು ಬಾಗ್ಲಲ್ಲೇ ನಿಂತಿದ್ದಿ.”

“ಆಯಿ, ನೀ ಒಳಗೆ ಹೋಗು. ನಿಂಗೆ ಎಂತದೂ ನೆನಪಿಲ್ಲೆ.”

“ಯಂಗೆ ನೆನಪಿದ್ದು.”

ವಸಂತಿ ಅತ್ತೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮುದುಕಿ ಹೋದಳು. ಪೋಲೀಸರು ಬಂದು ಕೇಳಿದಾಗ ಹೊರಗೆ ಬರಲಿಲ್ಲ. ಕುಮಟೆಯಲ್ಲಿ ಈಗಲೂ ಆ ತಾಯಿಯ ಸತ್ಯವನ್ನು ಹೊಗಳುವವರಿದ್ದಾರೆ. ನವಮಿಯ ದಿನ, ಹೂವಿನ ಬುಟ್ಟಿಯ ಮುಂದೆ ಎಲ್ಲಿತ್ತು ಆ ಸತ್ಯ? ಹೊಸ್ತಿಲವರೆಗೆ ಬಂದು ತಿರುಗಿ ಹೋದ ಮಾತಿನಿಂದ ಬಂಗಾರಿಯ ಗದ್ದೆಯಲ್ಲಿ ಒಂದು ಹಂದಿಯೂ ಓಡಲಿಲ್ಲ.

ಪೋಲೀಸರು ಬಂಗಾರಿಯನ್ನೂ ವೆಂಕಟನನ್ನೂ ಎಳೆದುಕೊಂಡು ಹೋದರು. ಮನೆ ಬಾಗಿಲಲ್ಲಿ ಹೊಲಸು ಮಾಡಿದರು ಎಂದು ಇನ್ನೊಂದು ಕೇಸು. ಹಳೆಯದಕ್ಕೂ ಸೇರಿಸಿ ದಂಡ ಕಟ್ಟಿದರೆ ಬಿಡುತ್ತೇವೆ ಎಂದರು. ಕಟ್ಟುವುದಿಲ್ಲ ಎಂದಳು ಬಂಗಾರಿ. ಕಟ್ಟಿದರೆ ತಪ್ಪು ಒಪ್ಪಿದ ಹಾಗೆ. ಇಬ್ಬರನ್ನೂ ಒಳಗೆ ಹಾಕಿದರು. ಒಳಗಿದ್ದು ಬಂದಳು. ತಿಮ್ಮಪ್ಪ ಬಾಗಿಲಲ್ಲಿ ನಿಂತು, “ಗಂಜಿ ಕುಡಿ” ಎಂದ. ಅವನೇ ಬೇಯಿಸಿದ್ದ, ತಳ ಹಿಡಿದಿತ್ತು. ಕುಡಿದಳು.

ಮುಂದಿನ ನವಮಿಗೆ ಸಂತೆಗುಳಿಯ ಒಕ್ಕಲುಗಳು ಯಾರೂ ಒಡೆಯರ ಮನೆಗೆ ಆಯುಧ ಒಯ್ಯಲಿಲ್ಲ. ಕತ್ತಿ, ಗುದ್ದಲಿ, ನೊಗ ಎಲ್ಲ ಬಂಗಾರಿಯ ಅಂಗಳದಲ್ಲಿ ಸಾಲಾಗಿ ನಿಂತವು. ಅವಳೇ ಕುಂಕುಮ ಇಟ್ಟಳು. ಒಡೆಯರ ಮನೆಯವರು ಪ್ರಸಾದ ಮಾಡಿಟ್ಟುಕೊಂಡು ದಾರಿ ಕಾದರು. ಹಳದೀಪುರದ ಕಡೆಗೂ ಆ ಸುದ್ದಿ ಹೋಯಿತು. ಅಲ್ಲೂ ಕೆಲವರು ಒಯ್ಯುವುದನ್ನು ಬಿಟ್ಟರು. ಗೇಣಿದಾರರ ಸಭೆಗಳಲ್ಲಿ ಬಂಗಾರಿಯನ್ನು ಮುಂದೆ ಕೂರಿಸಿದರು. ಅವಳು ಭಾಷಣ ಮಾಡುವವಳಲ್ಲ. ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದಳು: “ನಿಮ್ದು ಅಂತ ಇದ್ದದ್ನ ಪೂಜೆಗೆ ಅಂತನೂ ಅವ್ರ ಮನೆಗೆ ಒಯ್ಬೇಡಿ.” ಕೂತುಬಿಡುತ್ತಿದ್ದಳು.

ಗೆಲುವಿನ ಕಥೆ ಇದಲ್ಲ. ಅರವತ್ತರ ದಶಕ ಮುಗಿಯುತ್ತ ಬಂತು. ಕೋವಿ ಇನ್ನೂ ಹರಿಹರನ ಗೋಡೆಯ ಮೇಲೇ ಇದೆ. ಕೆಳಗೆ ಈಗ ಹಿತ್ತಾಳೆಯ ಫಲಕವನ್ನೂ ಹೊಡೆಸಿದ್ದಾನೆ: ಬೇಟೆಗಾರ ತ್ರ್ಯಂಬಕ ಹೆಗಡೆಯವರ ನೆನಪಿಗೆ. ವಾರ್ನಿಶಿನ ಒಳಗೆ ನಳಿಗೆ ತುಕ್ಕು ತಿನ್ನುತ್ತಿದೆ. ಬಂಗಾರಿ ಬೆಳೆಯ ಕಾಲದಲ್ಲಿ ಮಾಳದಲ್ಲಿ ಕೂತು ಡಬ್ಬಿ ಬಡಿಯುತ್ತಾಳೆ. ದನಿ ಹೋಗಿದೆ. ಕೂಗಿದರೆ ಗಾಳಿ ಬರುತ್ತದೆ, ಶಬ್ದ ಬರುವುದಿಲ್ಲ.

ಓದುವ ನಿಮ್ಮಲ್ಲೂ ಹಲವರ ಹಜಾರಗಳಲ್ಲಿ ಅಪ್ಪನದೋ ಅಜ್ಜನದೋ ಎಂದು ಒಂದು ಕೋವಿ ತೂಗುತ್ತಿದೆ. ಅದನ್ನು ಒರೆಸುವಾಗ ಕಣ್ಣು ತೇವ ಮಾಡಿಕೊಳ್ಳುತ್ತೀರಿ. ಮಾಡಿಕೊಳ್ಳಬೇಡಿ. ಈ ವಾರವೇ ಕೆಳಗಿಳಿಸಿ. ನಿಮ್ಮ ಒಕ್ಕಲ ಕೇರಿಗೆ ಹೋಗಿ, ಇದನ್ನು ಹೊಡೆಯುತ್ತಿದ್ದವರು ಯಾರು, ಯಾವ ದುಡಿಮೆಗೆ ಇದು ಅವರ ಕೈಗೆ ಬಂದಿತ್ತು ಎಂದು ಕೇಳಿ. ಉತ್ತರ ಸಿಕ್ಕ ಮೇಲೆ ಅವರ ಜೊತೆ ಕಚೇರಿಗೆ ಹೋಗಿ, ಸಾಹೇಬರ ಮುಂದೆ ನಿಂತು, ನಿಮ್ಮ ಬಾಯಿಂದ ನಿಜ ಹೇಳಿ, ಕಾಗದವನ್ನು ಅವರ ಹೆಸರಿಗೆ ಮಾಡಿಸಿ. ಅವರಿಗೆ ಭೂಮಿ ಇಲ್ಲ, ಕಾನೂನು ಒಪ್ಪುವುದಿಲ್ಲ ಎಂದು ಸಾಹೇಬರು ಹೇಳಿದರೆ ಅವರು ಉಳುವ ಗದ್ದೆಯನ್ನೂ ಅವರ ಹೆಸರಿಗೆ ಬರೆದುಕೊಡಿ. ಮಾಡುತ್ತೀರೋ ಇಲ್ಲವೋ, ಹೇಳಿ.